ಮನವಿ ಕೊಟ್ಟರೂ ಉತ್ತರ ಬಾರದಿದ್ದರೆ: ವಿಕಲಚೇತನ ನೌಕರರ ಸಮಂಜಸ ಹೊಂದಾಣಿಕೆ

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದನ್ನು ಓದುವಾಗ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು ಕಲಂ 2ರ ಎರಡು ವ್ಯಾಖ್ಯೆಗಳು. ವಿಕಲಚೇತನರು ಉಳಿದವರಿಗೆ ಸಮನಾಗಿ ತಮ್ಮ ಹಕ್ಕು ಚಲಾಯಿಸಲು ಬೇಕಾದ, ಸಂಸ್ಥೆಯ ಮೇಲೆ ಮಿತಿಮೀರಿದ ಹೊರೆ ಹಾಕದ ಮಾರ್ಪಾಡೇ ಸಮಂಜಸ ಹೊಂದಾಣಿಕೆ. ಇನ್ನೊಂದು, ತಾರತಮ್ಯದ ವ್ಯಾಖ್ಯೆ. ಈ ಹೊಂದಾಣಿಕೆಯನ್ನು ನಿರಾಕರಿಸುವುದೂ ತಾರತಮ್ಯವೇ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಮುಂದಿನದ್ದೆಲ್ಲ ಈ ಎರಡನೆಯದರ ಮೇಲೆ ನಿಂತಿದೆ.

ಶೇ. 40ರ ವೈಕಲ್ಯ ಪ್ರಮಾಣಪತ್ರ ಇಲ್ಲದಿದ್ದರೆ ಕೇಳುವಂತಿಲ್ಲ ಎಂಬ ಮಾತು ಕಚೇರಿಗಳಲ್ಲಿ ಹೆಚ್ಚು. ಅದು ತಪ್ಪು. ಶೇ. 40ರ ಮಿತಿ ಮೀಸಲಾತಿಯಂಥ ಸೌಲಭ್ಯಗಳಿಗೆ. ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರು ಪರೀಕ್ಷೆಯಲ್ಲಿ ತಮ್ಮ ಪರವಾಗಿ ಬರೆಯುವ ಲಿಪಿಕಾರರನ್ನು ಕೇಳಿದ ವಿಕಾಸ್ ಕುಮಾರ್ ಪ್ರಕರಣದಲ್ಲಿ (2021ರ ಫೆಬ್ರವರಿ 11) ಸುಪ್ರೀಂ ಕೋರ್ಟ್, ಹೊಂದಾಣಿಕೆಯ ಹಕ್ಕನ್ನು ಶೇ. 40 ದಾಟಿದವರಿಗಷ್ಟೇ ಸೀಮಿತಗೊಳಿಸಲಾಗದು ಎಂದಿತು.

ಪತ್ರದಲ್ಲಿ ಏನಿರಬೇಕು

"ಅಗತ್ಯ ಸೌಲಭ್ಯ ಒದಗಿಸಿಕೊಡಬೇಕಾಗಿ ವಿನಂತಿ" ಎಂಬ ಒಂದು ಸಾಲಿನ ಪತ್ರ ಕಡತದಲ್ಲೇ ಮಲಗುತ್ತದೆ. ಓದಿದವರಿಗೆ ಯಾವುದಕ್ಕೆ ಮಂಜೂರಾತಿ ಕೊಡಬೇಕು ಎಂಬುದೇ ಗೊತ್ತಾಗುವುದಿಲ್ಲ. ಯಾವ ಕೆಲಸ, ಅದರಲ್ಲಿ ಯಾವ ಅಡ್ಡಿ, ಯಾವ ಮಾರ್ಪಾಡು ಎಂದು ಹೆಸರಿಸಿ ಬರೆಯಬೇಕು.

ದೃಷ್ಟಿ ಮಂದವಿರುವ ದ್ವಿತೀಯ ದರ್ಜೆ ಸಹಾಯಕರ ಉದಾಹರಣೆ ನೋಡೋಣ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಕಡತ ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಗುರುತಿಸುವ ಅಕ್ಷರ ಸಂಕೇತ) ಅಲ್ಲ. ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಪರದೆಯ ಪಠ್ಯವನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಅದನ್ನು ಅರ್ಥವಿಲ್ಲದ ಸದ್ದಾಗಿ ಓದುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅದನ್ನು ಓದುವುದೇ ಇಲ್ಲ. ಹಾಗಾಗಿ ಪತ್ರ ಹೀಗಿರಬೇಕು: "ಕರಡು ಟಿಪ್ಪಣಿಗಳನ್ನು ಯೂನಿಕೋಡ್‌ನಲ್ಲಿ ಕೊಡುವುದು, ನನ್ನ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಅಳವಡಿಸಲು ಅನುಮತಿ." ಎನ್‌ವಿಡಿಎ ಉಚಿತ ಸ್ಕ್ರೀನ್ ರೀಡರ್ ತಂತ್ರಾಂಶ. ವೆಚ್ಚ ಸೊನ್ನೆ ಎಂದು ಪತ್ರದಲ್ಲೇ ಬರೆದರೆ ಅನುದಾನವಿಲ್ಲ ಎಂಬ ಉತ್ತರಕ್ಕೆ ಜಾಗವೇ ಉಳಿಯುವುದಿಲ್ಲ.

ಗಾಲಿಕುರ್ಚಿಯವರು ಅಳತೆಯನ್ನೇ ಕೊಡಿ. ಇಳಿಜಾರು 1:12 ಇರಬೇಕು, ತಲಾ 15 ಸೆಂ.ಮೀ. ಎತ್ತರದ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅದು ಕಟ್ಟುವವರೆಗೆ ನೆಲಮಹಡಿಯಲ್ಲಿ ಆಸನ ಕೊಡಿ ಎಂಬ ಪರ್ಯಾಯವನ್ನೂ ಸೇರಿಸಿ.

ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ) ಇದ್ದರೆ ಅದರ ಪ್ರತಿ ಸಾಕು, ಇಡೀ ವೈದ್ಯಕೀಯ ಚರಿತ್ರೆ ಬೇಡ. ವರ್ಗಾವಣೆ ಕೋರಿಕೆಯನ್ನು ಇದೇ ಪತ್ರದಲ್ಲಿ ತುರುಕಬೇಡಿ. ಕಡತ ಬೇರೊಂದು ಶಾಖೆಗೆ ಹೋಗಿ ಅಲ್ಲೇ ಉಳಿಯುತ್ತದೆ. ಉತ್ತರಕ್ಕೆ ತಾರೀಖು ಹಾಕಿ, 15 ದಿನ ಸಾಕು. ಟಪಾಲು ಶಾಖೆಯಲ್ಲಿ ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಎಚ್‌ಆರ್‌ನವರು ಬಾಯಲ್ಲಿ "ಆಯ್ತು, ನೋಡೋಣ" ಎಂದರೆ ಅಂದೇ ಇಮೇಲ್ ಬರೆಯಿರಿ: "ಇಂದು ನೀವು ಹೀಗೆ ಹೇಳಿದಿರಿ."

ಮನವಿಯಿಂದ ದೂರಿಗೆ

ಬಹಳ ಜನ ಎಡವುವುದು ಇಲ್ಲಿ. ಉತ್ತರ ಬರಲಿಲ್ಲವೆಂದು ಎರಡನೆಯ ಮನವಿ, ಮೂರನೆಯ ಜ್ಞಾಪನ ಪತ್ರ ಬರೆಯುತ್ತಾ ಹೋಗುತ್ತಾರೆ. ಆದರೆ ಇದೇ ಕಾಯ್ದೆಯಡಿಯ 2017ರ ನಿಯಮಗಳ ನಿಯಮ 3 ಬರೆದಿರುವುದು ದೂರಿನ ಬಗ್ಗೆ. ಸರ್ಕಾರಿ ಸಂಸ್ಥೆಯ ಅಥವಾ 20 ಹಾಗೂ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಯ ಮುಖ್ಯಸ್ಥರಿಗೆ ತಾರತಮ್ಯದ ದೂರು ಬಂದರೆ, ಅವರು ಕ್ರಮ ಕೈಗೊಳ್ಳಬೇಕು, ಇಲ್ಲವೇ ತಮ್ಮ ನಡೆ ನ್ಯಾಯವಾದ ಉದ್ದೇಶವೊಂದಕ್ಕೆ ಹೇಗೆ ತಕ್ಕುದಾಗಿದೆ ಎಂದು ಲಿಖಿತವಾಗಿ ತಿಳಿಸಬೇಕು. ಆದ್ದರಿಂದ 15 ದಿನ ಕಳೆದ ಮೇಲೆ ವಿಷಯದ ಸಾಲನ್ನೇ ಬದಲಿಸಿ: "ಕಲಂ 2ರ ಅರ್ಥದಲ್ಲಿ ಸಮಂಜಸ ಹೊಂದಾಣಿಕೆ ನಿರಾಕರಣೆ, ನಿಯಮ 3ರಡಿ ದೂರು." ಇದನ್ನು ಸಂಸ್ಥೆಯ ಮುಖ್ಯಸ್ಥರ ಹೆಸರಿಗೇ ಕೊಡಬೇಕು. ಸಾಧನಕ್ಕೆ ನೀವೇ ದುಡ್ಡು ಹಾಕಿಕೊಳ್ಳಿ ಎಂದರೂ ಇದೇ ನಿಯಮ ತೋರಿಸಿ. ಹೊಂದಾಣಿಕೆಯ ವೆಚ್ಚವನ್ನು ಪೂರ್ತಿಯಾಗಲಿ ಭಾಗಶಃವಾಗಲಿ ಭರಿಸುವಂತೆ ಒತ್ತಾಯಿಸುವಂತಿಲ್ಲ ಎಂದು ಅದರಲ್ಲೇ ಇದೆ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಹೊಂದಾಣಿಕೆ ಒದಗಿಸಲೇಬೇಕು ಎಂಬ ಕಲಂ 20 ಹೇಳುವುದು ಸರ್ಕಾರಿ ಸಂಸ್ಥೆಗಳಿಗೆ. ಖಾಸಗಿಯಲ್ಲಿರುವವರಿಗೆ ಆಸರೆ ಕಲಂ 2, ತಾರತಮ್ಯ ನಿಷೇಧಿಸುವ ಕಲಂ 3, ನಿಯಮ 3 ಮತ್ತು ಕಲಂ 21ರ ಸಮಾನ ಅವಕಾಶ ನೀತಿ. ಆ ನೀತಿಯ ಪ್ರತಿ ಕೇಳಿ ಪಡೆಯಿರಿ. 20 ಹಾಗೂ ಹೆಚ್ಚು ಮಂದಿಯಿರುವ ಸಂಸ್ಥೆಯ ನೀತಿಯಲ್ಲಿ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕು.

ಸರ್ಕಾರಿ ನೌಕರರಿಗೆ ಇನ್ನೊಂದು ದಾರಿ ಕಲಂ 23. ಕುಂದುಕೊರತೆ ನಿವಾರಣಾಧಿಕಾರಿ ದೂರು ನೋಂದಾಯಿಸಿದ ಎರಡು ವಾರದೊಳಗೆ ವಿಚಾರಿಸಬೇಕು. ಸಮಾಧಾನವಾಗದಿದ್ದರೆ ಜಿಲ್ಲಾ ಮಟ್ಟದ ಸಮಿತಿ ಇದೆ. ಕಡತ ಎಲ್ಲಿದೆ ಎಂದೇ ತಿಳಿಯದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ, ಟಿಪ್ಪಣಿ ಹಾಳೆಯ ನಕಲು ಕೇಳಿ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಮೀರಿದರೆ ಅದೇ ನೆಪವಾಗಿ ತಿರಸ್ಕಾರವಾಗುತ್ತದೆ.

ಆಯುಕ್ತರ ಬಳಿ

ಸಂಸ್ಥೆಯೊಳಗೆ ಪರಿಹಾರ ಸಿಗದಿದ್ದರೆ ಮುಂದಿನ ದೂರು ವಿಕಲಚೇತನರ ಹಕ್ಕುಗಳ ಆಯುಕ್ತರಿಗೆ. ರಾಜ್ಯ ಸರ್ಕಾರದ ಕಚೇರಿಯಾದರೆ ಬೆಂಗಳೂರಿನ ರಾಜ್ಯ ಆಯುಕ್ತರು. ಇಲ್ಲಿನ ಖಾಸಗಿ ಸಂಸ್ಥೆಯ ದೂರೂ ಸಾಮಾನ್ಯವಾಗಿ ಅಲ್ಲಿಗೇ. ಕೇಂದ್ರ ಸರ್ಕಾರದ ಕಚೇರಿ, ಉದ್ಯಮವಾದರೆ ದೆಹಲಿಯ ಮುಖ್ಯ ಆಯುಕ್ತರು. ದೂರು 60 ದಿನದಲ್ಲಿ ಇತ್ಯರ್ಥವಾಗಬೇಕು. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಆದರೆ ಅವರು ಕೊಡುವುದು ಶಿಫಾರಸು. ಸಂಬಂಧಪಟ್ಟ ಪ್ರಾಧಿಕಾರ ಅದರಂತೆ ನಡೆದು ಮೂರು ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕು. ಆ ಕಾರಣದ ಪತ್ರ ಸರ್ಕಾರಿ ನೌಕರರಿಗೆ ಮುಂದೆ ಆಡಳಿತ ನ್ಯಾಯಮಂಡಳಿ ಅಥವಾ ಹೈಕೋರ್ಟಿಗೆ ಹೋದಾಗ ಮುಖ್ಯ ದಾಖಲೆಯಾಗುತ್ತದೆ.

ಕಾಯ್ದೆಯ ಉಲ್ಲಂಘನೆಗೆ ಕಲಂ 89ರಡಿ ಮೊದಲ ಸಲ 10,000 ರೂಪಾಯಿವರೆಗೆ, ನಂತರದ ಸಲಕ್ಕೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

ವಕೀಲರ ಶುಲ್ಕಕ್ಕೆ ಹೆದರಿ ಇಲ್ಲಿಗೇ ನಿಲ್ಲಿಸಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಕಲಂ 12ರಂತೆ ವಿಕಲಚೇತನರಿಗೆ ಆದಾಯ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗುವಾಗ ಸೀಲು ಬಿದ್ದ ಮನವಿಯ ಪ್ರತಿ, ದೂರಿನ ಪ್ರತಿ, ರಸೀದಿಗಳನ್ನು ತಾರೀಖಿನ ಕ್ರಮದಲ್ಲಿ ಜೋಡಿಸಿ ಒಯ್ಯಿರಿ.