ಎರಡು ದಿನ ಬಿಟ್ಟರೆ ಮುನಿಸಿಕೊಳ್ಳುವ ಇಂಕ್ ಪೆನ್ನು

ಪ್ರಶ್ನೆ: ಮುನ್ನೂರು ರೂಪಾಯಿಗೆ ಒಂದು ಇಂಕ್ ಪೆನ್ ಕೊಂಡೆ. ಮೊದಲ ವಾರ ಬಹಳ ನಯವಾಗಿ ಬರೆಯಿತು. ಈಗ ಎರಡು ದಿನ ಮುಟ್ಟದಿದ್ದರೆ ಮೊದಲ ಸಾಲು ಮೂಡುವುದೇ ಇಲ್ಲ. ಕೊಡವಿದರೆ ಗೋಡೆಗೂ ಅಂಗಿಗೂ ಶಾಯಿ. ಅಗ್ಗದ ಪೆನ್ನಿನ ಹಣೆಬರಹವೇ ಇಷ್ಟೋ, ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನೋ?

ಉತ್ತರ: ಮೊದಲು ಕೊಡವುವುದನ್ನು ನಿಲ್ಲಿಸಿ. ಎರಡನೆಯದಾಗಿ, ನಿಬ್ಬಿಗೆ ಬ್ಲೇಡು ಹಾಕುವ ಯೋಚನೆ ಇದ್ದರೆ ಅದನ್ನೂ ಬಿಡಿ. ಆರನೆಯ ತರಗತಿಯಲ್ಲಿ ನಾನು ನಮ್ಮ ಅಜ್ಜನ ಪೆನ್ನಿನ ನಿಬ್ಬಿನ ಸೀಳಿಗೆ ಅರ್ಧ ಬ್ಲೇಡು ತೂರಿಸಿ "ರಿಪೇರಿ" ಮಾಡಿದ್ದೆ. ಅಲ್ಲಿಂದ ಮುಂದೆ ಅದು ಬರೆಯಲಿಲ್ಲ, ಬರೀ ಕಾರುತ್ತಿತ್ತು. ಕ್ಷೌರದ ಬ್ಲೇಡಿನ ದಪ್ಪ ಸುಮಾರು 0.1 ಮಿಲಿಮೀಟರ್. ನಿಬ್ಬಿನ ತುದಿಯಲ್ಲಿ ಸೀಳು ಅದಕ್ಕಿಂತ ಕಿರಿದಾಗಿರುತ್ತದೆ, ಕಿರಿದಾಗಿ ಇರಲೇಬೇಕು. ಶಾಯಿ ತುದಿಯವರೆಗೆ ಇಳಿಯುವುದೇ ಆ ಕಿರಿದಾದ ಸಂದಿಯ ಸೆಳೆತದಿಂದ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುವ ಬಗೆಯೇ ಇಲ್ಲಿಯೂ.

ಅಗ್ಗದ ಪೆನ್ನಿನ ಬಗ್ಗೆ ದೂರು ಬಂದಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಅದು ಯಾವಾಗ ನಿಲ್ಲುತ್ತದೆ? ಎತ್ತಿಕೊಂಡ ಕೂಡಲೇ ಬರೆಯದಿದ್ದರೆ ಒಂದು ರೋಗ, ಅರ್ಧ ಪುಟ ಬರೆದ ಮೇಲೆ ತೆಳುವಾಗುತ್ತಾ ಹೋದರೆ ಇನ್ನೊಂದು, ಕೆಲವು ಅಕ್ಷರಗಳಲ್ಲಿ ಮಾತ್ರ ಕೈಕೊಟ್ಟರೆ ಮತ್ತೊಂದು. ನಿಮ್ಮದು ಸ್ಪಷ್ಟವಾಗಿ ಮೊದಲನೆಯದು. ಬರೆಯಲು ಶುರುವಾದ ಮೇಲೆ ಸರಿಯಾಗಿ ಬರೆಯುತ್ತದೆ ಎಂದಾದರೆ ನಿಬ್ಬು ನಿರಪರಾಧಿ. ತಪ್ಪು ಇರುವುದು ನೀವು ನೋಡದೇ ಇರುವ ಕಡೆ, ಕ್ಯಾಪಿನಲ್ಲಿ.

ಫೌಂಟನ್ ಪೆನ್ನಿನ ಶಾಯಿ ಬಹುಪಾಲು ನೀರು, ಅದರಲ್ಲಿ ಕರಗಿದ ಬಣ್ಣ. ಕ್ಯಾಪ್ ಗಾಳಿಯಾಡದಂತೆ ಮುಚ್ಚಿಕೊಳ್ಳದಿದ್ದರೆ ನಿಬ್ಬಿನ ತುದಿಯಲ್ಲಿರುವ ನೀರು ಆರಿಹೋಗಿ ಬಣ್ಣ ಮಾತ್ರ ಉಳಿಯುತ್ತದೆ. ಎರಡು ದಿನ ಬಿಟ್ಟು ತೆಗೆದಾಗ ಸೀಳಿನಲ್ಲಿ ಇರುವುದು ಶಾಯಿಯಲ್ಲ, ಬಣ್ಣದ ಪಾಕ. ಬಯಲುಸೀಮೆಯ ಏಪ್ರಿಲ್ ತಿಂಗಳಲ್ಲಿ ಇದಕ್ಕೆ ಎರಡು ದಿನವೂ ಬೇಕಿಲ್ಲ. ಕರಾವಳಿಯವರಿಗೆ ಈ ಕಷ್ಟ ಸ್ವಲ್ಪ ಕಡಿಮೆ, ಆದರೆ ಅವರಿಗೆ ಬೂಸ್ಟಿನ ಕಾಟವಿದೆ; ಅದರ ಮಾತು ಆಮೇಲೆ.

ಪರೀಕ್ಷೆ ಬಹಳ ಸುಲಭ. ಕ್ಯಾಪನ್ನು ಚೆನ್ನಾಗಿ ತೊಳೆದು, ಅದರ ಬಾಯಿಯನ್ನು ತುಟಿಗೆ ಒತ್ತಿಕೊಂಡು ಗಾಳಿ ಎಳೆಯಿರಿ. ತುಟಿಗೆ ಕಚ್ಚಿಕೊಂಡು ನಿಂತರೆ ಕ್ಯಾಪ್ ಗಟ್ಟಿ. ಸುಸ್ಸೆಂದು ಗಾಳಿ ಬಂದರೆ ಕಳ್ಳ ಸಿಕ್ಕಿದ. ಕೆಲವು ಕ್ಯಾಪ್‌ಗಳ ತಲೆಯಲ್ಲಿ ಬೇಕೆಂದೇ ತೂತು ಬಿಟ್ಟಿರುತ್ತಾರೆ. ಮಕ್ಕಳು ಕ್ಯಾಪ್ ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೂ ಉಸಿರಾಡಲು ದಾರಿಯಿರಲಿ ಎಂದು ಮಾಡಿದ ಏರ್ಪಾಡು ಅದು. ಒಳ್ಳೆಯ ಪೆನ್ನುಗಳಲ್ಲಿ ಈ ತೂತಿನ ಒಳಗಡೆ ಇನ್ನೊಂದು ಪುಟ್ಟ ಕ್ಯಾಪ್ ಇದ್ದು, ಅದು ನಿಬ್ಬನ್ನು ಪ್ರತ್ಯೇಕವಾಗಿ ಮುಚ್ಚುತ್ತದೆ. ಅಗ್ಗದ ಪೆನ್ನುಗಳಲ್ಲಿ ಒಳಕ್ಯಾಪ್ ಇರುವುದಿಲ್ಲ, ಇಲ್ಲವೇ ಸಡಿಲವಾಗಿ ಕೂತಿರುತ್ತದೆ, ಇಲ್ಲವೇ ಕ್ಲಿಪ್ ಸಿಕ್ಕಿಸಿದ ಸಂದಿಯಿಂದ ಗಾಳಿ ನುಸುಳುತ್ತದೆ. ಕ್ಯಾಪಿನ ತಲೆಯ ಒಳಭಾಗಕ್ಕೆ ಮೇಣದಬತ್ತಿಯ ಒಂದೆರಡು ಹನಿ ಬೀಳಿಸಿ ಆರಲು ಬಿಟ್ಟರೆ ಸಣ್ಣ ಸಂದಿ ಮುಚ್ಚಿಹೋಗುತ್ತದೆ. ಜಾಸ್ತಿ ಹಾಕಿದರೆ ನಿಬ್ಬು ಮೇಣಕ್ಕೆ ತಾಗುತ್ತದೆ, ಹುಷಾರು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ತೂತು ಮುಚ್ಚುವ ಗೋಜಿಗೆ ಹೋಗದೆ ಬೇರೆ ಪೆನ್ ನೋಡಿಕೊಳ್ಳಿ.

ಕ್ಯಾಪಿನ ವಿಷಯದಲ್ಲಿ ಬೆಲೆ ಕೊಟ್ಟಷ್ಟೂ ಒಳ್ಳೆಯದು ಎಂಬ ಲೆಕ್ಕ ನಡೆಯುವುದಿಲ್ಲ. ಸೋರುವ ಕ್ಯಾಪಿನ ಕೆಳಗೆ ಚಿನ್ನದ ನಿಬ್ಬಿದ್ದರೂ ಒಣಗುತ್ತದೆ. ಜಪಾನಿನ ಪ್ಲಾಟಿನಂ ಕಂಪನಿಯ ಪ್ರೆಪ್ಪಿ ತೀರಾ ಅಗ್ಗದ ಪ್ಲಾಸ್ಟಿಕ್ ಪೆನ್ನು. ಆದರೂ ಅದರ ಒಳಕ್ಯಾಪಿಗೆ ಸ್ಪ್ರಿಂಗ್ ಇದೆ, ಮುಚ್ಚಿದಾಗ ಅದು ನಿಬ್ಬಿನ ಕೊರಳನ್ನು ಒತ್ತಿಕೊಳ್ಳುತ್ತದೆ. ಒಂದು ವರ್ಷ ಮುಟ್ಟದಿದ್ದರೂ ಒಣಗುವುದಿಲ್ಲ ಎನ್ನುವುದು ಕಂಪನಿಯ ಮಾತು. ನಾನು ಅಷ್ಟು ದಿನ ಕಾದು ನೋಡಿದವನಲ್ಲ. ಒಂದೂವರೆ ತಿಂಗಳ ಮೇಲೆ ತೆಗೆದಾಗ ಮೊದಲ ಅಕ್ಷರಕ್ಕೇ ಬರೆಯಿತು, ಅಷ್ಟು ಸಾಕು.

ಒಣಗಿದ ಪೆನ್ನನ್ನು ಎಬ್ಬಿಸಲು ಕೊಡವಬೇಕಾಗಿಲ್ಲ. ನಿಬ್ಬಿನ ತುದಿಯನ್ನು ಒಂದು ಕ್ಷಣ ನೀರಿಗೆ ತಾಗಿಸಿ ಕಾಗದದ ಮೇಲೆ ಎಳೆಯಿರಿ. ಪಾಕ ಕರಗಿ ಶಾಯಿ ಹರಿಯುತ್ತದೆ.

ಇನ್ನು ಅರ್ಧ ಪುಟದಲ್ಲಿ ಬಡಕಲಾಗುವ ಪೆನ್ನಿನ ಮಾತು. ನಿಬ್ಬಿನ ಅಡಿಯಲ್ಲಿ ಹಲ್ಲುಹಲ್ಲಾಗಿ ಕಾಣುವ ಕಪ್ಪು ತುಂಡಿಗೆ ಫೀಡ್ ಎನ್ನುತ್ತಾರೆ. ನಾವು ಶಾಲೆಯಲ್ಲಿ ಅದನ್ನು ನಾಲಿಗೆ ಎಂದೇ ಕರೆಯುತ್ತಿದ್ದೆವು. ಪೆನ್ನಿನ ನಿಜವಾದ ಯಂತ್ರ ಅದು. ಶಾಯಿ ಕೆಳಗೆ ಇಳಿಯಬೇಕಾದರೆ ಅಷ್ಟೇ ಗಾಳಿ ಮೇಲಕ್ಕೆ ಹೋಗಬೇಕು. ಎರಡೂ ಒಂದೇ ಇಕ್ಕಟ್ಟಿನ ದಾರಿಯಲ್ಲಿ ಜಗಳವಾಡದೆ ಸಾಗುವಂತೆ ಮಾಡುವುದು ನಾಲಿಗೆಯ ಕೆಲಸ. 1884ರಲ್ಲಿ ಅಮೆರಿಕದ ಲೂಯಿಸ್ ವಾಟರ್‌ಮನ್ ಪೇಟೆಂಟ್ ಪಡೆದದ್ದು ಇಂಥ ನಾಲಿಗೆಗೇ. ಹಿಂದೆ ಇದನ್ನು ಎಬೊನೈಟ್‌ನಿಂದ, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರಿನಿಂದ ಕೊರೆಯುತ್ತಿದ್ದರು. ಅದರ ಮೈಗೆ ಶಾಯಿ ಚೆನ್ನಾಗಿ ಅಂಟಿಕೊಂಡು ಹರಿಯುತ್ತದೆ. ಈಗಿನ ಅಗ್ಗದ ಪೆನ್ನುಗಳ ನಾಲಿಗೆ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ಕು. ಅಚ್ಚಿಗೆ ಸವರಿದ ಎಣ್ಣೆಯ ಪಸೆ ಅದರ ಮೈಮೇಲೆ ಉಳಿದಿದ್ದರೆ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಶಾಯಿ ಗುಂಡಾಗಿ ನಿಂತುಬಿಡುತ್ತದೆ.

ಅಗ್ಗದ ಪೆನ್ನಿನಲ್ಲಿ ಉಳಿತಾಯವಾಗಿರುವುದು ಬಹುತೇಕ ಈ ಕೊನೆಯ ಹಂತದ ಕೂಲಿ. ತೊಳೆಯುವುದು, ಬರೆದು ನೋಡುವುದು, ನಿಬ್ಬಿನ ಎರಡು ಹೋಳುಗಳನ್ನು ಸಮ ಮಾಡುವುದು: ದುಬಾರಿ ಪೆನ್ನಿನಲ್ಲಿ ಇಷ್ಟನ್ನು ಯಾರೋ ಕೂತು ಮಾಡಿರುತ್ತಾರೆ. ಅಗ್ಗದ್ದರಲ್ಲಿ ಅದು ನಮ್ಮ ಪಾಲಿಗೆ ಬರುತ್ತದೆ. ಹಾಗಾಗಿ ಹೊಸ ಪೆನ್ ತಂದ ದಿನವೇ ಇಂಕ್ ತುಂಬುವ ಆತುರ ಬೇಡ. ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ, ನಿಬ್ಬಿನ ಭಾಗವನ್ನು ರಾತ್ರಿಯಿಡೀ ಅದರಲ್ಲಿ ಬಿಡಿ. ಬೆಳಿಗ್ಗೆ ಸೂಜಿ ತೆಗೆದ ಸಿರಿಂಜಿನಿಂದ ಹಿಂಬದಿಯಿಂದ ನೀರು ಹಾಯಿಸಿ, ನೊರೆ ಪೂರ್ತಿ ಹೋಗುವವರೆಗೆ. ಕೊಳವೆ ಬಾವಿಯ ಗಡಸು ನೀರಿನ ಊರಾದರೆ ಕೊನೆಯ ಬಾರಿ ಫಿಲ್ಟರ್ ನೀರು ಬಳಸಿ, ಇಲ್ಲದಿದ್ದರೆ ಸುಣ್ಣದ ಕಲೆ ಆ ಸಣ್ಣ ಕಾಲುವೆಗಳಲ್ಲೇ ಕೂರುತ್ತದೆ. ಬಿಸಿನೀರು, ಸ್ಪಿರಿಟ್, ಉಗುರುಬಣ್ಣ ತೆಗೆಯುವ ದ್ರವ ಇವು ಯಾವುವೂ ಬೇಡ. ಬಿಸಿನೀರಿಗೆ ಎಬೊನೈಟ್ ಬಣ್ಣಗೆಡುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ದಿನವೂ ಬರೆಯುವವರು ತಿಂಗಳು ಒಂದೂವರೆ ತಿಂಗಳಿಗೊಮ್ಮೆ, ಶಾಯಿಯ ಬಣ್ಣ ಬದಲಿಸಿದಾಗಲೆಲ್ಲ ತಪ್ಪದೆ, ತಣ್ಣೀರಿನಲ್ಲಿ ತೊಳೆದರೆ ಸಾಕು.

ತೊಳೆದರೂ ಅರ್ಧ ಪುಟಕ್ಕೇ ನಿಂತರೆ ತಿರುಗಿಸಿ ಇಂಕ್ ಎಳೆಯುವ ಕನ್ವರ್ಟರ್ ಒಳಗೆ ನೋಡಿ. ಕೊಳವೆ ಸಣ್ಣದಾದ್ದರಿಂದ ಶಾಯಿ ಮೇಲ್ತುದಿಗೆ ಅಂಟಿಕೊಂಡು ಕೆಳಗೆ ಗಾಳಿಯ ಗುಳ್ಳೆ ಕೂತಿರುತ್ತದೆ. ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಇಳಿಯುತ್ತದೆ. ಕನ್ವರ್ಟರ್ ಬದಲಿಸುವಾಗಲೂ ಎಚ್ಚರವಿರಲಿ: ಚೀನಾದ ಪೆನ್ನುಗಳಲ್ಲಿ 2.6 ಮತ್ತು 3.4 ಮಿಲಿಮೀಟರ್ ಬಾಯಿಯ ಎರಡು ಅಳತೆಗಳಿವೆ. ಒಂದರ ಜಾಗದಲ್ಲಿ ಇನ್ನೊಂದನ್ನು ಒತ್ತಿ ಕೂರಿಸಿದರೆ ಜೇಬಿನಲ್ಲಿ ನೀಲಿ ಕೆರೆ.

ಜೇಬಿನ ಮಾತು ಬಂದಿದ್ದರಿಂದ ಹೇಳುತ್ತೇನೆ. ಡ್ರಾಪರ್‌ನಿಂದ ನೇರವಾಗಿ ಪೆನ್ನಿನ ಹೊಟ್ಟೆಗೇ ಇಂಕ್ ತುಂಬುವ ನಮ್ಮ ದೇಶದ ಪೆನ್ನುಗಳಲ್ಲಿ ಇದ್ದಕ್ಕಿದ್ದಂತೆ ದಪ್ಪ ಹನಿ ಬೀಳುವುದುಂಟು. ಪೆನ್ ಒಡೆದಿದೆ ಎಂದುಕೊಳ್ಳುತ್ತಾರೆ. ನಿಜ ಸಂಗತಿ ಎಂದರೆ ಶಾಯಿ ಖಾಲಿಯಾದಷ್ಟೂ ಒಳಗೆ ಗಾಳಿ ಹೆಚ್ಚು. ಅಂಗೈ ಶಾಖಕ್ಕೆ ಆ ಗಾಳಿ ಹಿಗ್ಗಿ ಶಾಯಿಯನ್ನು ಹೊರಕ್ಕೆ ತಳ್ಳುತ್ತದೆ. ಮೂರರಲ್ಲಿ ಒಂದು ಪಾಲು ಉಳಿದಾಗಲೇ ಮತ್ತೆ ತುಂಬಿಸಿಬಿಟ್ಟರೆ ಈ ಕಾಟ ತಪ್ಪುತ್ತದೆ. ತಿರುಗಿಸಿ ಮುಚ್ಚುವ ಸುತ್ತುಗಳ ಸಂದಿಯಿಂದ ಜಿನುಗುತ್ತಿದ್ದರೆ ಅದಕ್ಕೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಬೇಕು. ವ್ಯಾಸಲೀನ್ ಹಚ್ಚುವವರಿದ್ದಾರೆ, ಅದು ಪೆಟ್ರೋಲಿಯಂ ಪದಾರ್ಥ, ರಬ್ಬರಿನ ಭಾಗಗಳಿದ್ದರೆ ಅವನ್ನು ಹಾಳುಮಾಡುತ್ತದೆ.

ಮೂರನೆಯ ರೋಗ, ಕೆಲವು ಅಕ್ಷರಗಳಲ್ಲಿ ಮಾತ್ರ ಕೆರೆಯುವುದು ಅಥವಾ ತಪ್ಪುವುದು. ಇದು ಕನ್ನಡ ಬರೆಯುವವರಿಗೆ ಬೇಗ ಗೊತ್ತಾಗುತ್ತದೆ. ನಮ್ಮ ಅಕ್ಷರಗಳು ಸುರುಳಿ ಸುರುಳಿ. ಒಂದು "ಅಜ್ಜ" ಬರೆಯುವಷ್ಟರಲ್ಲಿ ನಿಬ್ಬು ಎಲ್ಲ ದಿಕ್ಕಿಗೂ ಹೋಗಿ ಬಂದಿರುತ್ತದೆ. ಅಂಗಡಿಯಲ್ಲಿ ಇಂಗ್ಲಿಷ್ ಸಹಿ ಗೀಚಿ ನೋಡಿ ಕೊಂಡ ಪೆನ್ನು ಮನೆಗೆ ಬಂದು ಕೊಂಬು, ಒತ್ತಕ್ಷರಗಳಲ್ಲಿ ಎಡವುವುದು ಇದರಿಂದಲೇ. ಒಂದೇ ದಿಕ್ಕಿನಲ್ಲಿ ಕೆರೆದರೆ ನಿಬ್ಬಿನ ಎರಡು ಹೋಳುಗಳಲ್ಲಿ ಒಂದು ಕೂದಲೆಳೆಯಷ್ಟು ಮೇಲೆದ್ದಿದೆ ಎಂದರ್ಥ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ತುದಿಯನ್ನು ನೇರಕ್ಕೆ ನೋಡಿದರೆ ಕಾಣುತ್ತದೆ. ಮೇಲೆದ್ದ ಹೋಳನ್ನು ಉಗುರಿನಿಂದ ಮೆಲ್ಲಗೆ ಕೆಳಕ್ಕೆ ಒತ್ತಿ, ನೋಡಿ, ಮತ್ತೆ ಒತ್ತಿ. ಸಿಮೆಂಟಿನ ನೆಲಕ್ಕೆ ಉಜ್ಜುವ ನಮ್ಮ ಬಾಲ್ಯದ ವಿದ್ಯೆ ಇಲ್ಲಿ ನಡೆಯುವುದಿಲ್ಲ. ತುದಿಯಲ್ಲಿ ಬೆಸೆದಿರುವ ಗಟ್ಟಿ ಲೋಹದ ಪುಟ್ಟ ಗುಂಡು ಸವೆದುಹೋದರೆ ಆ ನಿಬ್ಬು ಮುಗಿಯಿತು. ಎರಡೂ ಹೋಳು ಸಮವಾಗಿದ್ದೂ ಅಕ್ಷರ ತಪ್ಪುತ್ತಿದ್ದರೆ ನಿಮ್ಮ ಕೈಯನ್ನು ಗಮನಿಸಿ. ಬಾಲ್ ಪೆನ್ನಿನ ರೂಢಿಯವರು ಪೆನ್ನನ್ನು ನೆಟ್ಟಗೆ ಹಿಡಿದು ಒತ್ತುತ್ತಾರೆ. ಇಂಕ್ ಪೆನ್ ವಾಲಿಕೊಂಡಿರಬೇಕು, ಅದರ ತೂಕವೇ ಬರೆಯಬೇಕು.

ಶಾಯಿಯ ಬಗ್ಗೆ ಎರಡೇ ಮಾತು. ಬ್ರಿಲ್, ಕ್ಯಾಮೆಲ್‌ನಂಥ ಮಾಮೂಲಿ ಇಂಕುಗಳು ಅಗ್ಗದ ಪೆನ್ನಿಗೆ ಧಾರಾಳ ಸಾಕು. ಚಿತ್ರ ಬರೆಯುವ ಇಂಡಿಯನ್ ಇಂಕ್ ಮಾತ್ರ ಎಂದೂ ಹಾಕಬೇಡಿ, ಅದರಲ್ಲಿ ಅರಗು ಇರುತ್ತದೆ. ಒಣಗಿದರೆ ನಾಲಿಗೆಗೆ ಬಿರಡೆ ಜಡಿದಂತೆ. ಬಾಟಲಿಯ ಮೇಲೆ ಬಿಳಿ ಪೊರೆ ಕಂಡರೆ, ಮುಗ್ಗಲು ವಾಸನೆ ಬಂದರೆ ಅದೇ ನಾನು ಹೇಳಿದ ಬೂಸ್ಟು. ಸೋಸಿ ಬಳಸೋಣ ಎನ್ನುವ ಜಿಪುಣತನ ಬೇಡ, ಬಾಟಲಿ ಚೆಲ್ಲಿ ಪೆನ್ನನ್ನು ತೊಳೆಯಿರಿ.

ಹಾಗಾದರೆ ನಿಮ್ಮ ಪೆನ್ನು? ಇವತ್ತು ರಾತ್ರಿ ತುಟಿಯ ಪರೀಕ್ಷೆ ಮಾಡಿ. ಗಾಳಿ ಸೋರಿದರೆ ಮೇಣ ಹಾಕಿ ನೋಡಿ; ಸೋರದಿದ್ದರೆ ಸೋಪಿನ ನೀರಿನಲ್ಲಿ ನೆನೆಹಾಕಿ. ಕ್ಯಾಪಿನ ಅಂಚು ಸೀಳಿದ್ದರೆ ಅಂಟು ಹಚ್ಚುವ ಕಷ್ಟ ಬೇಡ, ಮುನ್ನೂರು ರೂಪಾಯಿಯ ಪೆನ್ನಿಗೆ ಅಷ್ಟು ಋಣ ಸಾಕು. ತೊಳೆದ ಮೇಲೆ ನಿಬ್ಬನ್ನು ಕೆಳಮುಖವಾಗಿ ಮಡಿಸಿದ ಹತ್ತಿ ಬಟ್ಟೆಯ ಮೇಲೆ ಅರ್ಧ ದಿನ ನಿಲ್ಲಿಸಿ. ಇಂಕ್ ತುಂಬಿದಾಗ ಮೊದಲ ಎರಡು ಸಾಲು ತಿಳಿನೀಲಿಯಾಗಿ ಬಂದರೆ ಗಾಬರಿಯಾಗಬೇಡಿ, ಅದು ನಾಲಿಗೆಯಲ್ಲಿ ಉಳಿದ ನೀರು. ಮೂರನೆಯ ಸಾಲಿಗೆ ಬಣ್ಣ ಸರಿಹೋಗುತ್ತದೆ.