ಲೆಮ್ನೋಸ್ ದ್ವೀಪದ ಬ್ಯಾಸ್ಕೆಟ್‌ಬಾಲ್ ತಂಡವನ್ನು ಸಮುದ್ರವೇ ಮುಳುಗಿಸಿತಾ?

ಪ್ರಶ್ನೆ: ಲೆಮ್ನೋಸ್ ದ್ವೀಪದ ಇಫೆಸ್ತೋಸ್ ತಂಡ 2019-20ರಲ್ಲಿ ಗ್ರೀಸಿನ ಅಗ್ರ ಲೀಗಿನಲ್ಲಿ ಆಡಿತ್ತು. ಮರುವರ್ಷದ ಪಟ್ಟಿಯಲ್ಲಿ ಹೆಸರೇ ಇಲ್ಲ. ಪ್ರತಿ ಪಂದ್ಯಕ್ಕೂ ಸಮುದ್ರ ದಾಟುವ ಖರ್ಚೇ ತಂಡವನ್ನು ಮುಗಿಸಿತು ಎನ್ನುತ್ತಾರಲ್ಲ, ನಿಜವೇ?

ಉತ್ತರ: ಅಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟರೂ ಹಡಗಿನ ಕಥೆ ಮತ್ತೆ ತಲೆ ಎತ್ತುತ್ತದೆ. ಹಾಗಾಗಿ ಈ ಸಲ ಲೆಕ್ಕ ಹಾಕಿಯೇ ನೋಡೋಣ.

ಆ ವರ್ಷ ಲೀಗಿನಲ್ಲಿ ಇದ್ದದ್ದು 14 ತಂಡ. ಆರು ತಂಡಗಳು ಅಥೆನ್ಸ್ ಇರುವ ಆಟಿಕಾ ಪ್ರಾಂತ್ಯದವು, ಮೂರು ಥೆಸಲೋನಿಕಿಯವು, ಪಾತ್ರಾ ಮತ್ತು ಲಾರಿಸಾದಿಂದ ಒಂದೊಂದು. ಉಳಿದ ಮೂರು ದ್ವೀಪದವು: ರೋಡ್ಸ್‌ನ ಕೊಲೊಸೋಸ್, ಕ್ರೀಟ್‌ನ ರೆಥಿಮ್ನೋ, ಲೆಮ್ನೋಸ್‌ನ ಇಫೆಸ್ತೋಸ್. ಪ್ರತಿ ತಂಡಕ್ಕೆ 26 ಪಂದ್ಯ, ಅದರಲ್ಲಿ 13 ಹೊರಗೆ. ಥೆಸಲೋನಿಕಿಯ ಪಾಓಕ್‌ನಂಥ ತಂಡ ವರ್ಷಕ್ಕೆ ಮೂರೇ ಸಲ ಸಮುದ್ರ ದಾಟಿದರೆ ಮುಗಿಯಿತು. ಇಫೆಸ್ತೋಸ್ ಹದಿಮೂರೂ ಸಲ ದಾಟಬೇಕು. ಖರ್ಚು ಜಾಸ್ತಿ, ಅದರಲ್ಲಿ ತಕರಾರಿಲ್ಲ. ಆದರೆ ಲೆಮ್ನೋಸ್‌ನಿಂದ ಅಥೆನ್ಸ್‌ಗೆ ವಿಮಾನದಲ್ಲಿ ಸುಮಾರು ಒಂದು ಗಂಟೆ. ಹಡಗು ಹತ್ತಿದರೆ ಲಾವ್ರಿಯೋ ಬಂದರಿಗೆ ಎಂಟು ಗಂಟೆಗೂ ಹೆಚ್ಚು ಬೇಕು. ಚಳಿಗಾಲದಲ್ಲಿ ಗಾಳಿ ಬ್ಯೂಫೋರ್ಟ್ ಮಾಪಕದಲ್ಲಿ 8 ದಾಟಿದರೆ ಬಂದರು ಅಧಿಕಾರಿಗಳು ಸಾಮಾನ್ಯವಾಗಿ ಹಡಗು ಬಿಡುವುದಿಲ್ಲ. ಆದ್ದರಿಂದ ಪಂದ್ಯದ ಹಿಂದಿನ ದಿನವೇ ಹೊರಡಬೇಕು, ಹೋಟೆಲ್ ಖರ್ಚೂ ಸೇರುತ್ತದೆ. ಕಷ್ಟ ಎನ್ನುವುದು ಇಷ್ಟೇ.

ಈಗ ಬೇರೆ ದ್ವೀಪಗಳನ್ನು ನೋಡಿ. ಎವಿಯಾ ದ್ವೀಪಕ್ಕೆ ಸೇತುವೆ ಇದೆ. ಅಲ್ಲಿನ ಕಿಮಿಸ್ ತಂಡ ಆಡುತ್ತಿದ್ದ ಹಾಲ್ಕಿದಾ ನಗರ ಅಥೆನ್ಸ್‌ನಿಂದ ಸುಮಾರು 80 ಕಿ.ಮೀ., ಬಸ್ಸಿನಲ್ಲೇ ಹೋಗಿ ಬರಬಹುದು. 2016ರಲ್ಲಿ ಮೇಲಿನ ದರ್ಜೆಗೆ ಬಂದ ಆ ತಂಡ 2019-20ರ ಪಟ್ಟಿಯಲ್ಲಿ ಇರಲಿಲ್ಲ. ಲೆಫ್ಕಾದಾ ದ್ವೀಪಕ್ಕೂ ರಸ್ತೆ ಇದೆ. ಅಲ್ಲಿನ ದೋಕ್ಸಾ 2016-17ರಲ್ಲಿ ಆಡಿತು, ಮರುವರ್ಷ ಇಲ್ಲ. ಇನ್ನು ರೋಡ್ಸ್ ಇರುವುದು ಟರ್ಕಿಯ ತೀರದ ಪಕ್ಕ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಹನ್ನೆರಡು ಗಂಟೆಗೂ ಹೆಚ್ಚು. ಅಲ್ಲಿನ ಕೊಲೊಸೋಸ್ 2005ರಲ್ಲಿ ಅಗ್ರ ಲೀಗಿಗೆ ಬಂತು, ಎರಡು ದಶಕದ ನಂತರವೂ ಅದರ ಹೆಸರು ಅಲ್ಲಿದೆ. ರಸ್ತೆ ಇದ್ದ ಎರಡು ದ್ವೀಪಗಳ ತಂಡಗಳು ಬೇಗ ಹೋದವು, ಎಲ್ಲರಿಗಿಂತ ದೂರದ್ದು ಉಳಿಯಿತು. ಸಮುದ್ರವೇ ಕಾರಣವಾಗಿದ್ದರೆ ಇದು ತಿರುಗುಮುರುಗಾಗಿ ಇರಬೇಕಿತ್ತು.

ವ್ಯತ್ಯಾಸ ಇರುವುದು ದುಡ್ಡು ಎಲ್ಲಿಂದ ಬರುತ್ತದೆ ಎಂಬುದರಲ್ಲಿ. ದ್ವೀಪಗಳಲ್ಲಿ ಪ್ರವಾಸಿಗರು ತುಂಬುವುದು ಬೇಸಿಗೆಯಲ್ಲಿ, ಲೀಗ್ ನಡೆಯುವುದು ಶರತ್ಕಾಲದಿಂದ ವಸಂತದವರೆಗೆ. ಊರು ತುಂಬಿದಾಗ ಪಂದ್ಯ ಇಲ್ಲ, ಪಂದ್ಯ ಇದ್ದಾಗ ಊರಲ್ಲಿ ಊರಿನವರೇ. ಲಕ್ಷಕ್ಕೂ ಹೆಚ್ಚು ಜನರಿರುವ ರೋಡ್ಸ್‌ನಲ್ಲಿ ದೊಡ್ಡ ಹೋಟೆಲ್ ಉದ್ಯಮ ಇದೆ, ಕೊಲೊಸೋಸ್ ಒಂದು ಹೋಟೆಲ್ ಸಮೂಹದ ಹೆಸರನ್ನೇ ಹೊತ್ತು ಆಡಿದೆ. ರೆಥಿಮ್ನೋಗೂ ಒಮ್ಮೆ ವಿಮಾನಯಾನ ಕಂಪನಿಯೊಂದು ಹೆಸರು ಕೊಟ್ಟಿತ್ತು. ಲೆಮ್ನೋಸ್‌ನಲ್ಲಿರುವುದು ಸುಮಾರು 17,000 ಜನ. ಅಷ್ಟು ಸಣ್ಣ ಊರಿನಲ್ಲಿ ಒಬ್ಬಿಬ್ಬರು ಪ್ರಾಯೋಜಕರು ಕೈಬಿಟ್ಟರೆ ಆ ಜಾಗ ತುಂಬಲು ಮೂರನೆಯವರು ಸಿಗುವುದು ಕಷ್ಟ.

ಅದಕ್ಕೆ ಕಾಗದಪತ್ರದ ಹೊರೆಯೂ ಸೇರುತ್ತದೆ. ಗ್ರೀಸಿನಲ್ಲಿ ವೃತ್ತಿಪರ ಲೀಗಿನಲ್ಲಿ ಆಡುವುದು ಊರಿನ ಹವ್ಯಾಸಿ ಸಂಘವಲ್ಲ. ಅದಕ್ಕಾಗಿ 'ಕಾಎ' ಎಂಬ ಬೇರೆಯದೇ ಷೇರು ಕಂಪನಿ ಕಟ್ಟಬೇಕು. ಇದಕ್ಕೆಲ್ಲ ಆಧಾರ 1999ರ 2725ನೇ ಕಾನೂನು. ಸೀಸನ್ ಶುರುವಾಗುವ ಮೊದಲು ವೃತ್ತಿಪರ ಕ್ರೀಡಾ ಸಮಿತಿ ಆ ಕಂಪನಿಯ ಲೆಕ್ಕಪತ್ರ ನೋಡಿ ಪ್ರಮಾಣಪತ್ರ ಕೊಡಬೇಕು. ಆಟಗಾರರ ಸಂಬಳ ಬಾಕಿಯ ದೂರು ಅಂತರರಾಷ್ಟ್ರೀಯ ಪಂಚಾಯ್ತಿ ಮಂಡಳಿಗೆ ಹೋಗಿ ತೀರ್ಪು ಬಂದರೆ, ಹಣ ತೀರಿಸುವವರೆಗೆ ಹೊಸ ಆಟಗಾರರ ನೋಂದಣಿಗೆ ತಡೆ ಬೀಳುತ್ತದೆ. ಅಂದರೆ ಕಣದಲ್ಲಿ ಗೆದ್ದ ಜಾಗವನ್ನು ಬೇಸಿಗೆಯಲ್ಲಿ ಮೇಜಿನ ಮೇಲೆ ಇನ್ನೊಮ್ಮೆ ಗೆಲ್ಲಬೇಕು. ಕಂಪನಿ ನಿಂತರೂ ಮಕ್ಕಳಿಗೆ ಆಟ ಕಲಿಸುವ ಹವ್ಯಾಸಿ ಸಂಘ ಅದರ ಜೊತೆಗೇ ಸಾಯಬೇಕೆಂದಿಲ್ಲ. 'ತಂಡ ಸತ್ತಿತು' ಎನ್ನುವ ಮೊದಲು ಯಾವುದು ನಿಂತಿತು ಎಂದು ನೋಡಿ.

2020 ಇಂಥ ಸಣ್ಣ ತಂಡಗಳಿಗೆ ಕೆಟ್ಟ ವರ್ಷ. ಮಾರ್ಚ್‌ನಲ್ಲಿ ಕೋವಿಡ್‌ನಿಂದ ಲೀಗ್ ನಿಂತಿತು. ಮತ್ತೆ ಶುರುವಾಗಲಿಲ್ಲ, ಅಥೆನ್ಸ್‌ನ ಪನಾಥಿನೈಕೋಸ್ ತಂಡವೇ ಚಾಂಪಿಯನ್ ಎಂದು ಘೋಷಿಸಿ ಮುಗಿಸಿದರು. ಮುಂದಿನ ಸೀಸನ್‌ಗೆ ಉಳಿದದ್ದು 12 ತಂಡ. ಇಫೆಸ್ತೋಸ್ ಇಲ್ಲ, ರೆಥಿಮ್ನೋ ಕೂಡ ಇಲ್ಲ. ಮೂರು ದ್ವೀಪಗಳಲ್ಲಿ ಉಳಿದದ್ದು ರೋಡ್ಸ್ ಮಾತ್ರ.

ಹುಡುಕುವವರು ಒಂದು ವಿಷಯ ಗಮನಿಸಿ. ಗ್ರೀಕ್‌ನಲ್ಲಿ ತಂಡದ ಹೆಸರು 'ಇಫೆಸ್ತೋಸ್ ಲಿಮ್ನು'. ಲಿಮ್ನು ಬೇರೆ ಊರಲ್ಲ. ಲೆಮ್ನೋಸ್‌ಗೆ ಗ್ರೀಕರು ಹೇಳುವುದು ಲಿಮ್ನೋಸ್, ಇದು ನಮ್ಮ ಷಷ್ಠಿ ವಿಭಕ್ತಿಯ ಹಾಗೆ 'ಲಿಮ್ನೋಸ್‌ನ' ಎಂಬ ರೂಪ. ಇಫೆಸ್ತೋಸ್ ಎಂದರೆ ಕಮ್ಮಾರಿಕೆಯ ದೇವರು ಹೆಫೈಸ್ಟಸ್. ಜ್ಯೂಸ್ ಆಕಾಶದಿಂದ ಎಸೆದಾಗ ಅವನು ಬಿದ್ದದ್ದು ಈ ದ್ವೀಪದ ಮೇಲೆ ಎಂದು ಇಲಿಯಡ್ ಹೇಳುತ್ತದೆ. ಅಲ್ಲಿನ ವಿಮಾನ ನಿಲ್ದಾಣದ ಹೆಸರೂ ಇದೇ ಆದ್ದರಿಂದ ಬರೀ 'ಇಫೆಸ್ತೋಸ್' ಎಂದು ಹುಡುಕಿದರೆ ವಿಮಾನದ ವೇಳಾಪಟ್ಟಿಯೂ ಬಂದೀತು.

2019-20ರ ಆ 14 ತಂಡಗಳ ಪಟ್ಟಿಯಲ್ಲಿ ಪಿರೇಯಸ್‌ನ ದೊಡ್ಡ ಕ್ಲಬ್ ಒಲಿಂಪಿಯಾಕೋಸ್ ಇಲ್ಲದ್ದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು. ಫೆಬ್ರವರಿ 2019ರಲ್ಲಿ ಗ್ರೀಕ್ ಕಪ್ ಸೆಮಿಫೈನಲ್‌ನಲ್ಲಿ ರೆಫರಿಗಳ ಮೇಲೆ ಸಿಟ್ಟಾಗಿ ಒಲಿಂಪಿಯಾಕೋಸ್ ಅರ್ಧ ಪಂದ್ಯಕ್ಕೇ ಆಟ ನಿಲ್ಲಿಸಿತು. ಮುಂದೆ ಲೀಗಿನಲ್ಲೂ ಪನಾಥಿನೈಕೋಸ್ ಎದುರು ಕಣಕ್ಕಿಳಿಯಲಿಲ್ಲ. ಶಿಕ್ಷೆಯಾಗಿ ಎರಡನೇ ದರ್ಜೆಗೆ ಇಳಿಯಿತು. ಮುಖ್ಯ ತಂಡ ಯುರೋಪಿನ ಕ್ಲಬ್‌ಗಳ ಯೂರೋಲೀಗಿನಲ್ಲಷ್ಟೇ ಆಡಿತು, ಕೆಳಗಿನ ದರ್ಜೆಯಲ್ಲಿ ಹುಡುಗರ ತಂಡ. ಯುರೋಪಿನ ಅಷ್ಟು ದೊಡ್ಡ ಕ್ಲಬ್ ಹೊರಗಿದ್ದಾಗ 17,000 ಜನರ ದ್ವೀಪ ಒಳಗಿತ್ತು. ಒಲಿಂಪಿಯಾಕೋಸ್ 2021ರಲ್ಲಿ ಮರಳುವ ಹೊತ್ತಿಗೆ ಲೆಮ್ನೋಸ್ ಹೋಗಿಯಾಗಿತ್ತು. ಹಾಗಾಗಿ 2019-20ರ ಲೀಗ್ ದಾಖಲೆಯಲ್ಲಿ ಇವೆರಡು ತಂಡಗಳ ಪಂದ್ಯ ಹುಡುಕಬೇಡಿ, ಸಿಗುವುದಿಲ್ಲ.