ರೀಸ್ಟಾರ್ಟ್ ಮಾಡಿದರೆ ಬಗ್ ಸಾಯೋದಿಲ್ಲ

ಆಯುಧಪೂಜೆಗೆ ಕಂಪ್ಯೂಟರಿಗೆ ಕುಂಕುಮ ಇಡುವವರ ಬಗ್ಗೆ ನನಗೆ ತಕರಾರಿಲ್ಲ. ವರ್ಷಕ್ಕೊಂದು ದಿನ, ಹೂವು ಬಾಡಿದ ಮೇಲೆ ತೆಗೆದರಾಯ್ತು. ಸರ್ವರ್ ಯಂತ್ರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುವವರನ್ನೂ ಹೇಗೋ ಸಹಿಸಿಕೊಳ್ಳುತ್ತೇನೆ. ಸಿಟ್ಟು ಬರುವುದು ಇಂಜಿನಿಯರಿಂಗ್ ಓದಿದವರೂ ಜಪಿಸುವ ಇನ್ನೊಂದು ಮಂತ್ರದ ಮೇಲೆ: "ಒಂದ್ಸಲ ರೀಸ್ಟಾರ್ಟ್ ಮಾಡಿ, ಸರಿಹೋಗುತ್ತೆ."

ಸರಿಹೋಗುತ್ತದೆ, ನಿಜ. ತೊಂದರೆ ಇರುವುದೇ ಅಲ್ಲಿ. ರೀಸ್ಟಾರ್ಟ್ ಮಾಡಿದಾಗ ಮೆಮೊರಿಯಲ್ಲಿ ಸೇರಿಕೊಂಡಿದ್ದ ತಪ್ಪು ಲೆಕ್ಕ ಅಳಿಸಿಹೋಗುತ್ತದೆ. ಏನಾಗಿತ್ತು ಅನ್ನೋ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ. ತಪ್ಪು ಮಾಡಿಸಿದ ಕೋಡ್, ಅಂದರೆ ಬಗ್, ಮಾತ್ರ ಅಲ್ಲೇ ಕೂತಿರುತ್ತದೆ.

1991ರ ಕೊಲ್ಲಿ ಯುದ್ಧದಲ್ಲಿ ಇರಾಕಿನ ಸ್ಕಡ್ ಕ್ಷಿಪಣಿಗಳನ್ನು ಆಕಾಶದಲ್ಲೇ ಹೊಡೆಯಲು ಅಮೆರಿಕದವರು ಪೇಟ್ರಿಯಟ್ ಕ್ಷಿಪಣಿಗಳನ್ನು ಇಟ್ಟಿದ್ದರು. ಅದರ ಕಂಪ್ಯೂಟರ್ ಹೊತ್ತನ್ನು 0.1 ಸೆಕೆಂಡಿನ ಲೆಕ್ಕದಲ್ಲಿ ಎಣಿಸುತ್ತಿತ್ತು. 0.1 ನಮಗೆ ಸುಲಭ. ಬರೀ ಸೊನ್ನೆ ಮತ್ತು ಒಂದರಲ್ಲಿ ಬರೆಯುವ ಯಂತ್ರಕ್ಕೆ ಅದು ಮುಗಿಯದ ಸಂಖ್ಯೆ. ಮೂರನೇ ಒಂದನ್ನು ನಾವು 0.3333 ಅಂತ ಬರೆಯುತ್ತಾ ಹೋಗಿ ಎಲ್ಲೋ ಒಂದು ಕಡೆ ಸಾಕು ಅನ್ನುತ್ತೇವಲ್ವಾ, ಹಾಗೆ. ಪೇಟ್ರಿಯಟ್ 24 ಬಿಟ್‌ಗೆ, ಅಂದರೆ ಸೊನ್ನೆ-ಒಂದರ 24 ಅಂಕಿಗೆ, ಸಾಕು ಅಂದಿತ್ತು. ಪ್ರತಿ ಎಣಿಕೆಗೆ ಬಿಟ್ಟುಹೋಗುತ್ತಿದ್ದುದು ಸೆಕೆಂಡಿನ ಕೋಟಿಯಲ್ಲೊಂದು ಪಾಲಿಗಿಂತ ಸ್ವಲ್ಪ ಕಡಿಮೆ. ಆದರೆ 100 ಗಂಟೆ ಬಿಡದೆ ಓಡಿಸಿದರೆ ಆ ಚೂರುಗಳೆಲ್ಲ ಕೂಡಿ 0.34 ಸೆಕೆಂಡ್ ಆಗುತ್ತದೆ. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಜಾಸ್ತಿ ದೂರ ಹೋಗಿರುತ್ತದೆ.

ಇದು ಯಾರಿಗೂ ಗೊತ್ತಿರಲಿಲ್ಲ ಅಂತ ಅಂದುಕೊಳ್ಳಬೇಡಿ. ಫೆಬ್ರವರಿ 11ರಂದು ಇಸ್ರೇಲಿನವರು ಅಂಕಿ ಸಮೇತ ತಿಳಿಸಿದ್ದರು: 8 ಗಂಟೆ ಓಡಿದರೆ, ಪೇಟ್ರಿಯಟ್ ಗುರಿಯನ್ನು ಹುಡುಕುವ ಜಾಗ ಶೇ 20ರಷ್ಟು ಸರಿಯುತ್ತದೆ. 16ಕ್ಕೆ ತಿದ್ದಿದ ಸಾಫ್ಟ್‌ವೇರ್ ಸಿದ್ಧವಾಯಿತು. 21ಕ್ಕೆ ಎಲ್ಲರಿಗೂ ಸಂದೇಶ ಹೋಯಿತು, ತುಂಬಾ ಹೊತ್ತು ಓಡಿಸಿದರೆ ಗುರಿ ಸರಿಯಬಹುದು ಅಂತ. ತುಂಬಾ ಹೊತ್ತು ಅಂದರೆ ಎಷ್ಟು? ಅದನ್ನು ಬರೆದಿರಲಿಲ್ಲ. 25ರಂದು ಸೌದಿಯ ಧಹ್ರಾನಿನಲ್ಲಿ 100 ಗಂಟೆ ದಾಟಿ ಓಡುತ್ತಿದ್ದ ಪೇಟ್ರಿಯಟ್ಟಿಗೆ ಸ್ಕಡ್ ಸಿಗಲಿಲ್ಲ. 28 ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ಅಲ್ಲಿಗೆ ತಲುಪಿದ್ದು 26ಕ್ಕೆ.

ಇಲ್ಲಿ ರೀಸ್ಟಾರ್ಟ್ ಜೀವ ಉಳಿಸುತ್ತಿತ್ತು, ಒಪ್ಪುತ್ತೇನೆ. ಆದರೆ ಎಷ್ಟು ಗಂಟೆಗೊಮ್ಮೆ ಅನ್ನೋದು ಗೊತ್ತಿರಬೇಕಿತ್ತು.

ಈಗ ಕೊಡಗಿಗೆ ಬರೋಣ. ತೋಟದ ಮಳೆ ಲೆಕ್ಕ, ಹಾಜರಿ, ಬಟವಾಡೆ ಎಲ್ಲ ಮೆಲ್ಲಗೆ ಫೋನಿಗೆ ಬರುತ್ತಿದೆ. ಮಡಿಕೇರಿಯಲ್ಲಿ ಕೂತ ನಾಲ್ಕೈದು ಹುಡುಗರು ಅಂಥದ್ದೊಂದು ಆ್ಯಪ್ ಮಾಡಿದ್ದಾರೆ ಅಂತಿಟ್ಟುಕೊಳ್ಳಿ. ಜುಲೈ ತಿಂಗಳು. ವಾಟ್ಸ್ಆ್ಯಪ್ ಗ್ರೂಪಿಗೆ ತೋಟದ ಲೆಕ್ಕ ಬರೆಯುವ ಒಬ್ಬ ರೈಟರ ಮೆಸೇಜ್ ಬರುತ್ತದೆ: "ಮಳೆ ತಪ್ಪು ತೋರಿಸ್ತದೆ." ಹುಡುಗರ ಉತ್ತರ: "ನಮ್ಮ ಹತ್ರ ಸರಿ ಇದೆ ಅಣ್ಣ, ರೀಸ್ಟಾರ್ಟ್ ಮಾಡಿ." ಅದರ ಮೇಲೆ ಒಂದು ಗುಡ್ ಮಾರ್ನಿಂಗ್, ಒಂದು ಮದುವೆ ಕಾಗದ, ಮರ ಬಿದ್ದು ರಸ್ತೆ ಬಂದ್ ಆದ ವಿಡಿಯೊ. ಸಂಜೆಗೆ ಆ ದೂರು ಎಲ್ಲಿದೆ ಅಂತ ಹುಡುಕಬೇಕು.

ದೊಡ್ಡವರೂ ಹೀಗೇ ಕೆಟ್ಟಿದ್ದಾರೆ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಹತ್ತಿರ ನಾಶವಾಯಿತು. ಭೂಮಿಯಲ್ಲಿದ್ದ ಒಂದು ಸಾಫ್ಟ್‌ವೇರ್ ನೌಕೆಯನ್ನು ತಳ್ಳುವ ಬಲದ ಅಂಕಿಯನ್ನು ಪೌಂಡ್ ಲೆಕ್ಕದಲ್ಲಿ ಕೊಟ್ಟಿತು, ಪಡೆದವರು ಅದನ್ನು ನ್ಯೂಟನ್ ಲೆಕ್ಕ ಅಂದುಕೊಂಡರು. ತೋಟದಲ್ಲಿ ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಪಾಲು) ಮಳೆ ಬರೆದು ಪೇಪರಿನಲ್ಲಿ ಮಿಲಿಮೀಟರ್ ಓದುವ ನಮಗೆ ಈ ಗೋಜಲು ಚೆನ್ನಾಗಿ ಗೊತ್ತು. ಎಲ್ಲರೂ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ತನಿಖಾ ಮಂಡಳಿ ಇನ್ನೂ ಒಂದು ಮಾತು ಹೇಳಿತ್ತು. ಅಂಕಿಗಳು ತಾಳೆಯಾಗದೆ ಇದ್ದದ್ದು ಮೊದಲೇ ಕಣ್ಣಿಗೆ ಬಿದ್ದಿತ್ತು. ತೊಂದರೆಗಳನ್ನು ದಾಖಲಿಸಲು ಒಂದು ಪದ್ಧತಿಯೂ ಇತ್ತು. ತಂಡದವರು ಅದನ್ನು ಬಿಟ್ಟು ಇಮೇಲಿನಲ್ಲಿ ಮಾತಾಡಿಕೊಂಡರು.

ಹಾಗಾಗಿ ಮೊದಲ ಕೆಲಸ, ಪ್ರತಿ ದೂರಿಗೆ ಒಂದು ನಂಬರ್. ಅದಕ್ಕೆ ಬಗ್‌ಜಿಲ್ಲಾ, ಜಿರಾ, ಗಿಟ್‌ಹಬ್ ಯಾವುದಾದರೂ ಆದೀತು. ನಾಲ್ಕು ಜನರ ತಂಡಕ್ಕೆ ಒಂದು ಎಕ್ಸೆಲ್ ಹಾಳೆಯೂ ಸಾಕು. ಟೂಲ್ ಯಾವುದು ಅಂತ ಜಗಳ ಆಡುವವರನ್ನು ಕಂಡರೆ ನನಗೆ ಆಗೋದಿಲ್ಲ.

ಎರಡನೆಯದು, ಬಗ್ಗನ್ನು ಮತ್ತೆ ಬರಿಸುವ ದಾರಿ. ಫೋನಿನಲ್ಲಿ ವಿಚಾರಿಸಿದಾಗ ರೈಟರು ಹೇಳುತ್ತಾರೆ: ಬೆಳಿಗ್ಗೆ ಮಳೆ ಮಾಪಕ ನೋಡಿದೆ, ಆ್ಯಪಿಗೆ ಹಾಕಿದೆ, ನೆಟ್‌ವರ್ಕ್ ಇರಲಿಲ್ಲ, ಏನೂ ಆಗಲಿಲ್ಲ ಅಂತ ಇನ್ನೊಮ್ಮೆ ಒತ್ತಿದೆ. ಸಿಕ್ಕಿತು! ಸಿಗ್ನಲ್ ಬಂದಾಗ ಎರಡೂ ಹೋಗಿ, ಎರಡು ಇಂಚು ಮಳೆ ನಾಲ್ಕು ಇಂಚಾಗಿದೆ. ಆಫೀಸಿನ ವೈಫೈಯಲ್ಲಿ ಕೂತು ಸಾವಿರ ಸಲ ನೋಡಿದರೂ ಇದು ಬರುವುದಿಲ್ಲ.

ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದ್ದೂ ಇದೇ ಕತೆ. 1986ರ ಮಾರ್ಚಿನಲ್ಲಿ ಅಮೆರಿಕದ ಟೈಲರ್ ಊರಿನಲ್ಲಿ ಅದು ಒಬ್ಬ ರೋಗಿಗೆ ಮಿತಿಮೀರಿದ ವಿಕಿರಣ ಸುರಿಯಿತು. ತಯಾರಕರು ಬಂದು ಪರೀಕ್ಷಿಸಿದರು, ಏನೂ ಸಿಗಲಿಲ್ಲ. ಏಪ್ರಿಲ್‌ನಲ್ಲಿ ಇನ್ನೊಬ್ಬರಿಗೆ ಹಾಗೇ ಆಯಿತು. ಕೊನೆಗೆ ಅಲ್ಲಿನ ಭೌತವಿಜ್ಞಾನಿ ಮತ್ತು ಯಂತ್ರ ನಡೆಸುತ್ತಿದ್ದಾಕೆ ಕೂತು, ಅವತ್ತು ಒತ್ತಿದ ಕೀಗಳನ್ನೇ ಮತ್ತೆ ಮತ್ತೆ ಒತ್ತಿ ಬಗ್ಗನ್ನು ಪತ್ತೆಹಚ್ಚಿದರು. ಆಕೆಗೆ ಕೈ ಪಳಗಿತ್ತು. ಒಂದು ಅಕ್ಷರ ತಪ್ಪಾದರೆ 8 ಸೆಕೆಂಡಿನೊಳಗೆ ತಿದ್ದಿಬಿಡುತ್ತಿದ್ದಳು. ಅಷ್ಟು ಬೇಗ ತಿದ್ದಿದರೆ ಮಾತ್ರ ಆ ಬಗ್ ಬರುತ್ತಿತ್ತು. ನಿಧಾನವಾಗಿ ಟೈಪ್ ಮಾಡುವವರಿಗೆ ಯಂತ್ರ ಸರಿಯಾಗೇ ಇತ್ತು.

ಯಾವುದು ಮೊದಲು ಅನ್ನೋದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಶನಿವಾರದ ಬಟವಾಡೆ ತಪ್ಪಾಗುವ ಬಗ್ ಇವತ್ತೇ, ಬಟನ್ನಿನ ಬಣ್ಣ ಮಳೆಗಾಲ ಕಳೆದ ಮೇಲೆ.

ನನಗೆ ಬಹಳ ಮುಖ್ಯ ಅನಿಸುವುದು ಬಗ್ಗಿನ ಸ್ಥಿತಿ. ಹೊಸದು, ಖಚಿತವಾಯಿತು, ಕೈಗೆತ್ತಿಕೊಂಡಿದೆ, ಸರಿಪಡಿಸಿದೆ, ಮುಚ್ಚಿದೆ. ಕೊನೆಯ ಎರಡರ ನಡುವೆ ಒಂದು ಬೇಲಿ ಬೇಕು. ಸರಿಪಡಿಸಿದವರಿಗೆ ಅದನ್ನು ಮುಚ್ಚುವ ಅಧಿಕಾರ ಇರಬಾರದು. ಅರೇಬಿಕಾ ಕಾಫಿ ತೋಟದಲ್ಲಿ ಕಾಂಡಕೊರಕ ಹುಳು ಹಿಡಿದ ಗಿಡ ಸಿಕ್ಕರೆ ಕಿತ್ತು ಬದಿಗೆ ಹಾಕಿ ಕೈತೊಳೆದುಕೊಳ್ಳುತ್ತೇವಾ? ಹುಳು ಒಳಗೇ ಬೆಳೆದು, ದುಂಬಿಯಾಗಿ ಹೊರಬಂದು ಪಕ್ಕದ ಗಿಡಕ್ಕೆ ಮೊಟ್ಟೆ ಇಡುತ್ತದೆ. ಸುಟ್ಟ ಮೇಲೆಯೇ ಲೆಕ್ಕ ಮುಗಿಯುವುದು.

ಮಳೆಯ ಬಗ್ಗಿಗೆ ಹುಡುಗರು ಮಾಡಬೇಕಾದ್ದು ಇಷ್ಟೇ: ಪ್ರತಿ ನಮೂದಿಗೆ ಫೋನೇ ಒಂದು ಗುರುತು ಕೊಡಲಿ, ಒತ್ತಿದಾಗ "ಉಳಿಸಿಕೊಂಡಿದೆ" ಅಂತ ತೋರಿಸಲಿ, ಅದೇ ಗುರುತು ಇನ್ನೊಮ್ಮೆ ಬಂದರೆ ಸರ್ವರ್ ಬಿಟ್ಟುಬಿಡಲಿ. ಅರ್ಧ ದಿನದ ಕೆಲಸ. ಆದರೆ ಹೊಸ ಆ್ಯಪ್ ರೈಟರ ಫೋನಿಗೆ ಇಳಿಯಲು ಸಿಗ್ನಲ್ ಬೇಕು. ಅಲ್ಲಿಯವರೆಗೆ "ಸರಿಪಡಿಸಿದೆ", ಅಷ್ಟೇ. ಧಹ್ರಾನಿಗೂ ಸಾಫ್ಟ್‌ವೇರ್ 16ರಿಂದ ಸಿದ್ಧವಾಗಿಯೇ ಇತ್ತು. ರೈಟರು ಸಿಗ್ನಲ್ ಇಲ್ಲದ ಜಾಗದಲ್ಲಿ ನಿಂತು, ಬೇಕಂತಲೇ ಎರಡು ಸಲ ಒತ್ತಿ, ಒಂದೇ ನಮೂದು ಬಂತು ಅಂದ ಮೇಲೆ ಮುಚ್ಚಲಿ. ಎರಡು ಬಂದರೆ ಅದೇ ನಂಬರನ್ನು ಮತ್ತೆ ತೆರೆಯಿರಿ, ಹೊಸದು ಕೊಡಬೇಡಿ.

ಇನ್ನೊಂದು ಸ್ಥಿತಿಯನ್ನು ಬರೆಯಲು ನಾವು ನಾಚಿಕೊಳ್ಳುತ್ತೇವೆ: "ಮಾಡುವುದಿಲ್ಲ." ಹತ್ತು ವರ್ಷದ ಹಳೇ ಫೋನಿನಲ್ಲೂ ಆ್ಯಪ್ ಓಡಬೇಕು ಅಂತ ಯಾರೋ ಕೇಳಿರುತ್ತಾರೆ. ಆಗುವುದಿಲ್ಲ ಅಂದರೆ ಕಾರಣ ಬರೆದು ಮುಚ್ಚಿ. "ನೋಡ್ತೇವೆ" ಅಂತ ಹೇಳಿ ಪಟ್ಟಿಯಲ್ಲಿ ಕೊಳೆಯಲು ಬಿಡಬೇಡಿ. ಮುಂದಿನ ಜೂನ್‌ನಲ್ಲಿ ಬೇರೆ ಯಾರಾದರೂ ಅದನ್ನೇ ಕೇಳಿದರೆ ಹಳೇ ನಂಬರ್ ಕೊಟ್ಟರಾಯ್ತು.